ಕಾನೂನು ಪ್ರಶ್ನೋತ್ತರ: ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಆರೋಪಿಯ ಪರ ವಕೀಲರು

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಮತ್ತು ಬಂಧುಗಳ ಕಾರಣದಿಂದ ಅಲ್ಲಿನ ಕ್ರಿಮಿನಲ್ ಮೊಕದ್ದಮೆಗಳ ಬಗ್ಗೆ ಕೇಳುವ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಸಂಬಂಧಿಸಿದವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಹೇಳಿರುವುದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಮೊಕದ್ದಮೆ ಎದುರಿಸುತ್ತಿರುವವರು ಆಯಾ ನ್ಯಾಯಾಲಯದಲ್ಲಿ ವಕಾಲತ್ತು ನಡೆಸುವವರನ್ನೇ ಕಾಣಬೇಕು.

ಪ್ರಶ್ನೆ: ಅಮೆರಿಕದ ಸುದ್ದಿಗಳಲ್ಲಿ ಒಮ್ಮೆ ‘ಸ್ಟೇಟ್ ಕೋರ್ಟ್’ ಎಂದೂ ಇನ್ನೊಮ್ಮೆ ‘ಫೆಡರಲ್ ಕೋರ್ಟ್’ ಎಂದೂ ಬರುತ್ತದೆ. ಆರೋಪಿಯ ಪಾಲಿಗೆ ಇವೆರಡರ ನಡುವೆ ಏನು ವ್ಯತ್ಯಾಸ? — ಶಿವಮೊಗ್ಗದ ಓದುಗರೊಬ್ಬರು

ನಮ್ಮಲ್ಲಿ ಕಾನೂನನ್ನು ಸಂಸತ್ತು ಮಾಡಿರಲಿ, ವಿಧಾನಮಂಡಲ ಮಾಡಿರಲಿ, ಮೊಕದ್ದಮೆ ನಡೆಯುವುದು ಒಂದೇ ನ್ಯಾಯಾಂಗದೊಳಗೆ. ಸಿಬಿಐ ಹೂಡಿದ ಮೊಕದ್ದಮೆಯೂ ಕೊನೆಗೆ ಕರ್ನಾಟಕ ಹೈಕೋರ್ಟಿಗೇ ಬರುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಪ್ರತಿಯೊಂದು ರಾಜ್ಯಕ್ಕೂ ತನ್ನದೇ ದಂಡಸಂಹಿತೆ, ತನ್ನದೇ ಪೊಲೀಸರು, ತನ್ನದೇ ನ್ಯಾಯಾಲಯಗಳು ಇವೆ. ಇವುಗಳಿಗೆ ಸಮಾನಾಂತರವಾಗಿ ಕೇಂದ್ರ ಸರ್ಕಾರದ ನ್ಯಾಯಾಲಯಗಳ ವ್ಯವಸ್ಥೆ ನಡೆಯುತ್ತದೆ. ಅದರ ತಳಹಂತದಲ್ಲಿ 94 ಡಿಸ್ಟ್ರಿಕ್ಟ್ ಕೋರ್ಟುಗಳು, ಅವುಗಳ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ ಸುಪ್ರೀಂ ಕೋರ್ಟ್ ಇವೆ. ನ್ಯೂಜೆರ್ಸಿ ಇಡೀ ರಾಜ್ಯಕ್ಕೆ ಒಂದೇ ಫೆಡರಲ್ ಜಿಲ್ಲೆಯಿದ್ದರೆ, ಕ್ಯಾಲಿಫೋರ್ನಿಯ, ಟೆಕ್ಸಸ್ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ನಾಲ್ಕು ನಾಲ್ಕು ಜಿಲ್ಲೆಗಳಿವೆ.

ಬೀದಿ ಜಗಳ, ಮನೆಗಳ್ಳತನ ಹಾಗೂ ಹೆಚ್ಚಿನ ಕೊಲೆ ಪ್ರಕರಣಗಳು ರಾಜ್ಯದ ನ್ಯಾಯಾಲಯಗಳಿಗೆ ಹೋಗುತ್ತವೆ. ರಾಜ್ಯಗಳ ಗಡಿ ದಾಟುವ ಮಾದಕವಸ್ತು ವ್ಯಾಪಾರ, ಬ್ಯಾಂಕ್ ಮತ್ತು ಷೇರುಪೇಟೆಯ ವಂಚನೆ, ಕೇಂದ್ರದ ತೆರಿಗೆ, ವೀಸಾ ಅರ್ಜಿಗಳಲ್ಲಿನ ಸುಳ್ಳು, ಅಂಚೆ ಅಥವಾ ಅಂತರಜಾಲದ ಮೂಲಕ ನಡೆದ ಮೋಸ ಇವು ಫೆಡರಲ್ ಕೋರ್ಟಿನ ಸರಕು. ಒಂದೇ ಕೃತ್ಯಕ್ಕೆ ರಾಜ್ಯವೂ ಕೇಂದ್ರವೂ ಪ್ರತ್ಯೇಕವಾಗಿ ಮೊಕದ್ದಮೆ ಹೂಡಬಹುದೆಂಬ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ 2019ರ ಗ್ಯಾಂಬಲ್ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿಯಿತು. ವಕೀಲರ ದೃಷ್ಟಿಯಿಂದ ಮುಖ್ಯ ವ್ಯತ್ಯಾಸ ಬೇರೊಂದಿದೆ. ರಾಜ್ಯದಲ್ಲಿ ಸಾಮಾನ್ಯವಾಗಿ ಬಂಧನ ಮೊದಲು ನಡೆದು ತನಿಖೆ ಆಮೇಲೆ ಬೆಳೆಯುತ್ತದೆ. ಫೆಡರಲ್ ಪ್ರಕರಣಗಳಲ್ಲಿ, ವಿಶೇಷವಾಗಿ ಹಣಕಾಸಿನವುಗಳಲ್ಲಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ತನಿಖೆ ನಡೆದು, ಬಾಗಿಲು ತಟ್ಟುವ ಹೊತ್ತಿಗೆ ಸರ್ಕಾರದ ಬಳಿ ಬ್ಯಾಂಕ್ ದಾಖಲೆಗಳೂ ಇಮೇಲ್‌ಗಳೂ ಸಿದ್ಧವಾಗಿರುತ್ತವೆ. ಆರೋಪಿಯ ಪರ ವಕೀಲರು ಓಟವನ್ನು ಹಿಂದಿನಿಂದಲೇ ಆರಂಭಿಸಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿ ಎಂಜಿನಿಯರ್. ಇಬ್ಬರು ಫೆಡರಲ್ ಅಧಿಕಾರಿಗಳು ಮನೆಗೆ ಬಂದು, ಅವನು ಕೆಲಸ ಮಾಡುವ ಕಂಪನಿಯ ವೀಸಾ ಕಾಗದಪತ್ರಗಳ ಬಗ್ಗೆ ಮಾತನಾಡಬೇಕೆಂದು ಚೀಟಿ ಕೊಟ್ಟು ಹೋಗಿದ್ದಾರೆ. ತಾನೇನೂ ತಪ್ಪು ಮಾಡಿಲ್ಲ, ಹೋಗಿ ಎಲ್ಲವನ್ನೂ ಹೇಳಿಬಿಡುತ್ತೇನೆ ಎನ್ನುತ್ತಾನೆ. ವಕೀಲರನ್ನು ಇಟ್ಟುಕೊಂಡರೆ ಅಪರಾಧಿಯಂತೆ ಕಾಣುವುದಿಲ್ಲವೇ? — ಮೈಸೂರಿನ ತಾಯಿಯೊಬ್ಬರು

ಕಾಣುವುದಿಲ್ಲ. ವಕೀಲರ ಮೂಲಕ ಉತ್ತರಿಸುವುದು ಅಲ್ಲಿನ ಅಧಿಕಾರಿಗಳಿಗೆ ದಿನನಿತ್ಯದ ಸಂಗತಿ. ಅದರಿಂದ ಅವರು ಅಚ್ಚರಿಪಡುವುದೂ ಇಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಊರಿನ ಕಾನೂನಿನ ಅಭ್ಯಾಸ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಭಾರತದಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಲ್ಲಿದ್ದ ಈ ರಕ್ಷಣೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಮುಂದುವರಿದಿದೆ. ಅಮೆರಿಕದಲ್ಲಿ ಇಂಥ ರಕ್ಷಣೆಯಿಲ್ಲ. ನಿಮ್ಮ ಮಗ ಬಾಗಿಲಲ್ಲಿ ನಿಂತು ಅಧಿಕಾರಿಗೆ ಹೇಳಿದ ಪ್ರತಿಯೊಂದು ಮಾತೂ ಅವನ ವಿರುದ್ಧ ಸಾಕ್ಷ್ಯವಾಗಬಹುದು. ಅದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಸಂಗತಿಯಿದೆ. ಫೆಡರಲ್ ದಂಡಸಂಹಿತೆಯ 1001ನೆಯ ಕಲಮಿನ ಪ್ರಕಾರ ತನಿಖಾಧಿಕಾರಿಗೆ ಮಹತ್ವದ ವಿಷಯದಲ್ಲಿ ತಿಳಿದೂ ತಿಳಿದೂ ಸುಳ್ಳು ಹೇಳುವುದೇ ಐದು ವರ್ಷದವರೆಗೆ ಶಿಕ್ಷೆಯಾಗಬಹುದಾದ ಸ್ವತಂತ್ರ ಅಪರಾಧ. ಪ್ರಮಾಣ ಮಾಡಿರಬೇಕೆಂದಿಲ್ಲ, ಸಹಿ ಹಾಕಿರಬೇಕೆಂದಿಲ್ಲ. 1998ರ ಬ್ರೋಗನ್ ಪ್ರಕರಣದಲ್ಲಿ ನಡೆದದ್ದು ಇದೇ. ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬನ ಮನೆಗೆ ಬಂದ ಅಧಿಕಾರಿಗಳು, ಮಾಲೀಕರಿಂದ ಹಣ ಪಡೆದೆಯಾ ಎಂದು ಕೇಳಿದರು. ಆತ ‘ಇಲ್ಲ’ ಎಂದ. ಗಾಬರಿಯಲ್ಲಿ ಬಾಯಿಂದ ಬಂದ ಆ ಒಂದು ನಿರಾಕರಣೆಗೂ ಶಿಕ್ಷೆ ಸಾಧ್ಯ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಪ್ರಸಿದ್ಧ ಉದ್ಯಮಿ ಮಾರ್ಥಾ ಸ್ಟೀವರ್ಟ್ 2004ರಲ್ಲಿ ಜೈಲಿಗೆ ಹೋದದ್ದು ಷೇರು ಮಾರಿದ್ದಕ್ಕಲ್ಲ. ಆ ಮಾರಾಟದ ಬಗ್ಗೆ ತನಿಖೆಗೆ ಅಡ್ಡಿಪಡಿಸಿ, ಅಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ.

‘ನಿನಗೆ ಮೌನವಾಗಿರುವ ಹಕ್ಕಿದೆ’ ಎಂಬ ಮಿರಾಂಡಾ ಎಚ್ಚರಿಕೆಯನ್ನು ಎಲ್ಲರೂ ಕೇಳಿರುತ್ತಾರೆ. 1966ರ ಆ ತೀರ್ಪು ಅನ್ವಯವಾಗುವುದು ವ್ಯಕ್ತಿ ವಶದಲ್ಲಿರುವಾಗ ಮಾತ್ರ. ಮನೆಯ ಸೋಫಾದ ಮೇಲೆ ಕುಳಿತು ಕಾಫಿ ಕುಡಿಯುತ್ತಾ ಆಡಿದ ಮಾತಿಗೆ ಯಾರೂ ಎಚ್ಚರಿಕೆ ಕೊಡಬೇಕಾಗಿಲ್ಲ. ಅಂಥ ಮಾತುಕತೆ ಸಾಮಾನ್ಯವಾಗಿ ಧ್ವನಿಮುದ್ರಣವಾಗುವುದೂ ಇಲ್ಲ. ಎಫ್‌ಬಿಐ ಆದರೆ, ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಟಿಪ್ಪಣಿ ಬರೆದುಕೊಳ್ಳುತ್ತಾರೆ, ಆ ಟಿಪ್ಪಣಿ ‘302’ ಎಂದು ಕರೆಯುವ ವರದಿಯಾಗುತ್ತದೆ. ಮುಂದೆ ‘ನಾನು ಹಾಗೆ ಹೇಳಲಿಲ್ಲ’ ಎಂಬ ತಕರಾರು ಬಂದರೆ ಒಂದು ಕಡೆ ಇಬ್ಬರು ಅಧಿಕಾರಿಗಳ ವರದಿ, ಇನ್ನೊಂದು ಕಡೆ ನಿಮ್ಮ ಮಗನ ನೆನಪು.

ಆದ್ದರಿಂದ ಅವನು ಮಾಡಬೇಕಾದ್ದು ಇಷ್ಟು: ಸೌಜನ್ಯದಿಂದ ಚೀಟಿಯನ್ನು ಇಟ್ಟುಕೊಂಡು, ‘ನನ್ನ ವಕೀಲರು ನಿಮ್ಮನ್ನು ಸಂಪರ್ಕಿಸುತ್ತಾರೆ’ ಎಂದು ಸ್ಪಷ್ಟವಾಗಿ ಬಾಯಿಬಿಟ್ಟು ಹೇಳುವುದು. ಬಾಯಿಬಿಟ್ಟು ಎಂದು ಒತ್ತಿ ಹೇಳುತ್ತಿದ್ದೇನೆ. ಹಕ್ಕನ್ನು ಕೋರದೆ ಕೇವಲ ಸುಮ್ಮನಿದ್ದುದನ್ನು ವಿರುದ್ಧವಾಗಿ ಬಳಸಬಹುದೆಂಬ ಸಲಿನಾಸ್ ತೀರ್ಪು 2013ರಲ್ಲಿ ಬಂದಿದೆ. ಒಂದು ಇಮೇಲನ್ನೂ ಅಳಿಸಬಾರದು, ಒಂದು ಕಾಗದವನ್ನೂ ಹರಿಯಬಾರದು. ತನಿಖೆಗೆ ಅಡ್ಡಿಪಡಿಸುವ ಉದ್ದೇಶದಿಂದ ದಾಖಲೆ ನಾಶಮಾಡಿದರೆ 20 ವರ್ಷದವರೆಗೆ ಶಿಕ್ಷೆ ವಿಧಿಸುವ ಕಲಮು 2002ರಿಂದ ಜಾರಿಯಲ್ಲಿದೆ. ಇನ್ನೊಂದು ಮಾತು: ಕಂಪನಿಯೇ ವಕೀಲರನ್ನು ಕಳಿಸಿ ‘ನಿಮ್ಮೊಂದಿಗೆ ಮಾತನಾಡಬೇಕು’ ಎಂದರೆ, ಆ ವಕೀಲರು ಕಂಪನಿಯವರೇ ಹೊರತು ನಿಮ್ಮ ಮಗನವರಲ್ಲ. ಅವರೊಂದಿಗೆ ಆಡಿದ ಮಾತಿನ ಗೋಪ್ಯತೆ ಕಂಪನಿಯ ಸ್ವತ್ತು. ತನಗೆ ಅನುಕೂಲವೆನಿಸಿದ ದಿನ ಕಂಪನಿ ಅದನ್ನು ಸರ್ಕಾರಕ್ಕೆ ಒಪ್ಪಿಸಬಹುದು.

ಸ್ವಂತ ವಕೀಲರು ಮೊದಲು ಮಾಡುವ ಕೆಲಸವೆಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ಪ್ರಾಸಿಕ್ಯೂಟರ್‌ಗೆ ಕರೆ ಮಾಡಿ, ತಮ್ಮ ಕಕ್ಷಿದಾರ ಕೇವಲ ಸಾಕ್ಷಿಯೇ, ತನಿಖೆಯ ವ್ಯಾಪ್ತಿಯಲ್ಲಿರುವವನೇ, ಅಥವಾ ನೇರ ಗುರಿಯೇ ಎಂದು ತಿಳಿಯುವುದು. ಸಾಕ್ಷಿಯಷ್ಟೇ ಆಗಿದ್ದರೆ, ದಾಖಲೆಗಳನ್ನು ಓದಿ ಸಿದ್ಧನಾಗಿ, ವಕೀಲರ ಸಮ್ಮುಖದಲ್ಲಿ ಲಿಖಿತ ಒಪ್ಪಂದದಡಿ ಮಾತನಾಡುವ ಸಂದರ್ಭ ಬರಬಹುದು. ಆ ಒಪ್ಪಂದವೂ ಪೂರ್ಣ ಅಭಯವೇನಲ್ಲ: ಹೇಳಿದ ಮಾತನ್ನು ನೇರ ಸಾಕ್ಷ್ಯವಾಗಿ ಬಳಸುವುದಿಲ್ಲವೆಂದು ಸರ್ಕಾರ ಒಪ್ಪುತ್ತದೆ, ಆದರೆ ಅದರಿಂದ ದೊರೆತ ಸುಳಿವನ್ನು ಬೆನ್ನಟ್ಟುವ ಹಕ್ಕನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಫೆಡರಲ್ ಕ್ರಿಮಿನಲ್ ವಕೀಲರ ಕಸುಬಿನ ಅತ್ಯಂತ ಬೆಲೆಬಾಳುವ ಭಾಗ ಇದೇ. ನ್ಯಾಯಾಲಯದ ಮುಖವನ್ನೇ ನೋಡದ ಈ ಹಂತದಲ್ಲಿ ಒಳ್ಳೆಯ ವಕೀಲರು ಮಾಡಿದ ಕೆಲಸದಿಂದ ಮೊಕದ್ದಮೆ ದಾಖಲಾಗದೇ ಉಳಿದರೆ ಅದು ಯಾವ ಪತ್ರಿಕೆಯಲ್ಲಿಯೂ ಸುದ್ದಿಯಾಗುವುದಿಲ್ಲ.

ಪ್ರಶ್ನೆ: ಅಲ್ಲಿ ನಿರೀಕ್ಷಣಾ ಜಾಮೀನು ಇದೆಯೇ? ಗ್ರ್ಯಾಂಡ್ ಜ್ಯೂರಿ ಎಂದರೇನು? ಅಲ್ಲಿ ವಕೀಲರು ವಾದಿಸಬಹುದೇ? — ಬೆಂಗಳೂರಿನ ಓದುಗರೊಬ್ಬರು

ನಿರೀಕ್ಷಣಾ ಜಾಮೀನು ಇಲ್ಲ. ಆದರೆ ತನಿಖೆಯ ಸುಳಿವು ಮೊದಲೇ ಸಿಕ್ಕಿದ್ದರೆ, ಬೆಳಗಿನ ಆರು ಗಂಟೆಗೆ ಮನೆಗೆ ಬಂದು ಬೇಡಿ ಹಾಕುವ ಬದಲು ಗೊತ್ತುಪಡಿಸಿದ ದಿನ ಕಕ್ಷಿದಾರನನ್ನು ತಾವೇ ಕರೆತರುವುದಾಗಿ ವಕೀಲರು ಪ್ರಾಸಿಕ್ಯೂಟರ್‌ ಜೊತೆ ಮಾತಾಡಿಕೊಳ್ಳುತ್ತಾರೆ. ಇದು ಹಕ್ಕಲ್ಲ, ಸೌಜನ್ಯ.

ಗ್ರ್ಯಾಂಡ್ ಜ್ಯೂರಿಯೆಂದರೆ 16ರಿಂದ 23 ನಾಗರಿಕರ ಮಂಡಳಿ. ಗಂಭೀರ ಫೆಡರಲ್ ಅಪರಾಧದ ಆರೋಪ ಹೊರಿಸಲು ಆಧಾರವಿದೆಯೆಂದು ಅವರಲ್ಲಿ ಕನಿಷ್ಠ 12 ಮಂದಿ ಒಪ್ಪಬೇಕು. ಕಲಾಪ ಗುಟ್ಟಾಗಿ ನಡೆಯುತ್ತದೆ; ಒಳಗೆ ನ್ಯಾಯಾಧೀಶರೂ ಇರುವುದಿಲ್ಲ, ಆರೋಪಿಯ ಪರ ವಕೀಲರೂ ಇರುವಂತಿಲ್ಲ. ಸಾಕ್ಷಿಯಾಗಿ ಕರೆಸಿಕೊಂಡವನು ಬೇಕಾದಾಗ ಹೊರಗೆ ಬಂದು ಮೊಗಸಾಲೆಯಲ್ಲಿ ಕಾದಿರುವ ತನ್ನ ವಕೀಲರನ್ನು ಕೇಳಿಕೊಂಡು ಒಳಗೆ ಹೋಗಬಹುದು, ಅಷ್ಟೆ. ಸರ್ಕಾರದ ಪಕ್ಷವನ್ನು ಮಾತ್ರ ಕೇಳುವ ಮಂಡಳಿ ಆರೋಪವನ್ನು ನಿರಾಕರಿಸುವುದು ಅಪರೂಪ ಎಂಬುದರಲ್ಲಿ ಆಶ್ಚರ್ಯವೇನಿಲ್ಲ.

ಬಂಧನವಾದ ಮೇಲೆ ಜಾಮೀನಿನ ವಿಚಾರಣೆ ಬೇಗನೆ ನಡೆಯುತ್ತದೆ. 1984ರ ಜಾಮೀನು ಸುಧಾರಣಾ ಕಾಯ್ದೆಯಡಿ ಕೇಳುವ ಪ್ರಶ್ನೆಗಳು ಎರಡು: ಈತ ಓಡಿಹೋಗುತ್ತಾನೆಯೇ, ಸಮಾಜಕ್ಕೆ ಅಪಾಯವೇ? ಸಿದ್ಧತೆಗೆ ಸರ್ಕಾರ ಮೂರು ದಿನ ಕೇಳಬಹುದು, ಆರೋಪಿ ಐದು ದಿನ. ಗಂಭೀರ ಮಾದಕವಸ್ತು ಪ್ರಕರಣಗಳಲ್ಲಿ ಬಂಧನವೇ ಸರಿಯೆಂಬ ಪೂರ್ವಭಾವನೆಯನ್ನು ಕಾನೂನೇ ಇಟ್ಟಿದೆ. ಭಾರತೀಯ ಪಾಸ್‌ಪೋರ್ಟ್ ಹೊಂದಿದವರ ವಿಷಯದಲ್ಲಿ ‘ಓಡಿಹೋಗಬಹುದು’ ಎಂಬ ವಾದ ಸಹಜವಾಗಿ ಬರುತ್ತದೆ. ಮನೆ, ಉದ್ಯೋಗ, ಅಲ್ಲಿಯೇ ಓದುತ್ತಿರುವ ಮಕ್ಕಳು, ಪಾಸ್‌ಪೋರ್ಟ್ ಒಪ್ಪಿಸುವ ಸಿದ್ಧತೆ, ಜಾಮೀನಿಗೆ ನಿಲ್ಲುವ ಬಂಧುಗಳು ಇವುಗಳ ದಾಖಲೆಯನ್ನು ಒಂದೆರಡು ದಿನಗಳಲ್ಲಿ ಕೂಡಿಸಬೇಕಾದ್ದು ವಕೀಲರು. ಊರಿನಿಂದ ಬಂಧುಗಳು ನಿಜವಾಗಿ ನೆರವಾಗಬಲ್ಲ ಸಂದರ್ಭವೂ ಇದೇ.

ಪ್ರಶ್ನೆ: ನಮ್ಮಲ್ಲಿ ಚಾರ್ಜ್‌ಶೀಟ್‌ ಜೊತೆ ಸಾಕ್ಷಿಗಳ ಹೇಳಿಕೆಗಳೆಲ್ಲವನ್ನೂ ಆರೋಪಿಗೆ ಉಚಿತವಾಗಿ ಕೊಡುತ್ತಾರೆ. ಅಲ್ಲಿಯೂ ಹಾಗೆಯೇ? — ಹಾಸನದ ವಕೀಲರೊಬ್ಬರು

ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆ ಕಾಗದದ ಮೇಲಾದರೂ ಹೆಚ್ಚು ಉದಾರಿ. ಅಲ್ಲಿ ಆರೋಪಿಯ ಸ್ವಂತ ಹೇಳಿಕೆ, ಸರ್ಕಾರ ಬಳಸಲಿರುವ ದಾಖಲೆಗಳು, ತಜ್ಞರ ವರದಿಗಳು ಕೇಳಿದರೆ ಸಿಗುತ್ತವೆ. ಆದರೆ ಸಾಕ್ಷಿಯ ಹೇಳಿಕೆಯನ್ನು, 1957ರ ಜೆಂಕ್ಸ್ ಕಾಯ್ದೆಯ ಪ್ರಕಾರ, ಆ ಸಾಕ್ಷಿ ಕಟಕಟೆಯಲ್ಲಿ ಮುಖ್ಯ ವಿಚಾರಣೆ ಮುಗಿಸಿದ ಮೇಲೆ ಕೊಟ್ಟರೆ ಸಾಕು. ಪಾಟೀಸವಾಲಿಗೆ ಏಳುವ ಹೊತ್ತಿನಲ್ಲಿ ನೂರಾರು ಪುಟ ಕೈಗೆ ಬಂದರೆ ಏನಾಗಬಹುದೆಂದು ನಿಮಗೆ ವಿವರಿಸಬೇಕಾಗಿಲ್ಲ. ರೂಢಿಯಲ್ಲಿ ಹಲವು ಪ್ರಾಸಿಕ್ಯೂಟರ್‌ಗಳು ಕೆಲವು ದಿನ ಮುಂಚಿತವಾಗಿಯೇ ಕೊಡುತ್ತಾರೆ, ಆದರೆ ಅದನ್ನು ಕೇಳಿ ಪಡೆಯುವುದು ವಕೀಲರ ಜಾಣ್ಮೆ.

ಇದಕ್ಕೆ ಪ್ರತಿಯಾಗಿ 1963ರ ಬ್ರೇಡಿ ತೀರ್ಪು ನಿಂತಿದೆ: ಆರೋಪಿಗೆ ಅನುಕೂಲವಾದ ಮಹತ್ವದ ಸಾಕ್ಷ್ಯವನ್ನು ಸರ್ಕಾರ ಬಚ್ಚಿಡುವಂತಿಲ್ಲ. ಹಾಗೆ ಬಚ್ಚಿಟ್ಟಿದ್ದರ ಅತಿ ದೊಡ್ಡ ಉದಾಹರಣೆ ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ ಮೊಕದ್ದಮೆ. ಪಡೆದ ಉಡುಗೊರೆಗಳನ್ನು ಘೋಷಿಸಲಿಲ್ಲವೆಂಬ ಆರೋಪದ ಮೇಲೆ 2008ರ ಅಕ್ಟೋಬರಿನಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು, ಮರುತಿಂಗಳು ಚುನಾವಣೆಯಲ್ಲಿಯೂ ಸೋತರು. ಪ್ರಮುಖ ಸಾಕ್ಷಿ ವಿಚಾರಣೆಗೆ ಮುಂಚೆ ಪ್ರಾಸಿಕ್ಯೂಟರ್‌ಗಳ ಮುಂದೆ ಆಡಿದ್ದ, ನ್ಯಾಯಾಲಯದಲ್ಲಿ ನುಡಿದುದಕ್ಕೆ ಹೊಂದದ ಮಾತುಗಳ ಟಿಪ್ಪಣಿ ಪ್ರತಿವಾದಿ ವಕೀಲರ ಕೈಗೆ ಬಂದಿರಲೇ ಇಲ್ಲ. 2009ರ ಏಪ್ರಿಲ್‌ನಲ್ಲಿ ಸರ್ಕಾರವೇ ಮೊಕದ್ದಮೆ ಕೈಬಿಡುವಂತೆ ಕೇಳಿಕೊಂಡಿತು; ನ್ಯಾಯಾಧೀಶ ಎಮೆಟ್ ಸಲಿವನ್ ತೀರ್ಮಾನವನ್ನು ರದ್ದುಪಡಿಸಿದ್ದಲ್ಲದೆ ಪ್ರಾಸಿಕ್ಯೂಟರ್‌ಗಳ ಮೇಲೆಯೇ ತನಿಖೆಗೆ ಆದೇಶಿಸಿದರು. ಪ್ರತಿ ಮೊಕದ್ದಮೆಯ ಆರಂಭದಲ್ಲಿಯೇ ಬ್ರೇಡಿ ಕರ್ತವ್ಯವನ್ನು ಪ್ರಾಸಿಕ್ಯೂಟರ್‌ಗೆ ನೆನಪಿಸುವ ಆದೇಶವನ್ನು ನ್ಯಾಯಾಧೀಶರು ಹೊರಡಿಸಬೇಕೆಂಬ ಕಾಯ್ದೆ 2020ರಲ್ಲಿ ಬಂತು. ಪ್ರಬಲ ಸೆನೆಟರ್‌ಗೂ ಅವರ ದುಬಾರಿ ವಕೀಲರಿಗೂ ಹೀಗಾಗಿದ್ದರೆ ಹೆಸರಿಲ್ಲದ ಆರೋಪಿಗಳ ಕಡತಗಳಲ್ಲಿ ಏನೇನು ಉಳಿದಿರಬಹುದು ಎಂಬ ಅನುಮಾನ ನನಗಂತೂ ಹೋಗಿಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಜ್ಯೂರಿಯ ಮುಂದೆ ಗಂಟೆಗಟ್ಟಲೆ ವಾದಿಸುವುದೇ ಅಮೆರಿಕದ ಕ್ರಿಮಿನಲ್ ವಕೀಲರ ಮುಖ್ಯ ಕೆಲಸವೆಂದು ಭಾವಿಸಿದ್ದೆ. ಬಹುಪಾಲು ಪ್ರಕರಣಗಳು ತಪ್ಪೊಪ್ಪಿಗೆಯಲ್ಲಿ ಮುಗಿಯುತ್ತವೆ ಎಂದು ಓದಿದೆ. ಹಾಗಾದರೆ ವಕೀಲರು ಮಾಡುವುದಾದರೂ ಏನು? — ಧಾರವಾಡ

ಮೊದಲು ಅಂಕಿಗಳನ್ನು ನೋಡಿ. 2022ರ ಆರ್ಥಿಕ ವರ್ಷದಲ್ಲಿ ಫೆಡರಲ್ ಕೋರ್ಟುಗಳಲ್ಲಿ ಇತ್ಯರ್ಥವಾದ 71,954 ಆರೋಪಿಗಳಲ್ಲಿ ಶೇ 89.5ರಷ್ಟು ಮಂದಿ ತಪ್ಪೊಪ್ಪಿಕೊಂಡರು, ಶೇ 8.2ರಷ್ಟು ಮಂದಿಯ ಮೇಲಿನ ಆರೋಪಗಳು ವಜಾ ಆದವು. ವಿಚಾರಣೆಯವರೆಗೆ ಹೋದವರು ಶೇ 2.3 ಮಾತ್ರ. ವಿಚಾರಣೆ ಎದುರಿಸಿ ಖುಲಾಸೆಯಾದವರು ಇಡೀ ದೇಶದಲ್ಲಿ 290 ಮಂದಿ.

ಇದರ ಕಾರಣ ಶಿಕ್ಷೆಯ ಲೆಕ್ಕಾಚಾರದಲ್ಲಿದೆ. ಕೆಲವು ಅಪರಾಧಗಳಿಗೆ ನ್ಯಾಯಾಧೀಶರೂ ಇಳಿಸಲಾಗದ ಕನಿಷ್ಠ ಶಿಕ್ಷೆಗಳಿವೆ. ಐದು ಕಿಲೊ ಕೊಕೇನ್ ವಹಿವಾಟಿಗೆ ಅದು ಹತ್ತು ವರ್ಷ. ಯಾವ ಕಲಮಿನಡಿ ಆರೋಪ ಹೊರಿಸಬೇಕೆಂಬ ಆಯ್ಕೆ ಪ್ರಾಸಿಕ್ಯೂಟರ್ ಕೈಯಲ್ಲಿರುವುದರಿಂದ ಶಿಕ್ಷೆಯ ತಳಮಟ್ಟವೂ ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇದೆ. ತಪ್ಪೊಪ್ಪಿಕೊಂಡರೆ ಶಿಕ್ಷೆಯ ಪ್ರಮಾಣ ಸೂಚಿಸುವ ಮಾರ್ಗಸೂಚಿಯ (ಮುಂದಿನ ಉತ್ತರ ನೋಡಿ) ಲೆಕ್ಕದಲ್ಲಿ ಎರಡು ಅಥವಾ ಮೂರು ಹಂತ ಇಳಿಯುತ್ತದೆ; ಇತರರ ವಿರುದ್ಧ ಗಣನೀಯ ನೆರವು ನೀಡಿದರೆ ಸರ್ಕಾರವೇ ಇನ್ನೂ ಕಡಿಮೆ ಶಿಕ್ಷೆ ಕೋರಬಹುದು. ವಿಚಾರಣೆ ಬೇಡಿ ಸೋತವನಿಗೆ ಇದಾವುದೂ ಇಲ್ಲ. ಹಕ್ಕನ್ನು ಬಳಸಿಕೊಂಡದ್ದಕ್ಕೆ ಬೆಲೆ ತೆರಬೇಕಾದ ಈ ಪರಿಸ್ಥಿತಿಯನ್ನು ನಾನು ನ್ಯಾಯಯುತವೆಂದು ಭಾವಿಸುವುದಿಲ್ಲ, ಆದರೆ ವಕೀಲರು ಕೆಲಸ ಮಾಡಬೇಕಾದ್ದು ಈ ನೆಲದ ಮೇಲೆಯೇ. ನಮ್ಮಲ್ಲಿ 2006ರಲ್ಲಿ ಜಾರಿಗೆ ಬಂದ ಚೌಕಾಸಿಯ ತಪ್ಪೊಪ್ಪಿಗೆ (ಪ್ಲೀ ಬಾರ್ಗೇನಿಂಗ್) ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಸೀಮಿತವಾಗಿದೆ, ಬಳಕೆಯೂ ವಿರಳ. ಅಲ್ಲಿ ಅಂಥ ಮಿತಿಯಿಲ್ಲ.

ಹಾಗಾದರೆ ಕೆಲಸವೇನೆಂದು ಕೇಳಿದ್ದೀರಿ. ಕೆಲಸದ ಬಹುಭಾಗ ಓದು. ಸರ್ಕಾರ ಕೊಟ್ಟ ಲಕ್ಷಾಂತರ ಇಮೇಲ್‌ಗಳನ್ನು, ದೂರವಾಣಿ ಕದ್ದಾಲಿಕೆಯ ಮುದ್ರಿಕೆಗಳನ್ನು, ಬ್ಯಾಂಕ್ ಲೆಕ್ಕಗಳನ್ನು ಓದಿ, ಈ ಸಾಕ್ಷ್ಯ ವಿಚಾರಣೆಯಲ್ಲಿ ನಿಲ್ಲುತ್ತದೆಯೇ ಎಂದು ತೂಗಬೇಕು. ಕಾನೂನುಬಾಹಿರ ಶೋಧನೆಯಿಂದ ದೊರೆತದ್ದನ್ನು ಹೊರಗಿಡಲು ಅರ್ಜಿ ಹಾಕಬೇಕು. ಆ ಅರ್ಜಿಯ ವಿಚಾರಣೆಯೇ ಎಷ್ಟೋ ಸಲ ನಿಜವಾದ ಯುದ್ಧ. ಆಮೇಲೆ ಜೈಲಿನ ಕೊಠಡಿಯಲ್ಲಿ ಕುಳಿತು, ‘ವಿಚಾರಣೆಗೆ ಹೋದರೆ ಹೀಗಾಗಬಹುದು, ಒಪ್ಪಿಕೊಂಡರೆ ಹೀಗೆ’ ಎಂದು ಕಕ್ಷಿದಾರನಿಗೆ ಅಪ್ರಿಯ ಸತ್ಯವನ್ನು ಹೇಳಬೇಕು. ನಿರ್ಧಾರ ಮಾತ್ರ ಕಕ್ಷಿದಾರನದು. ತಪ್ಪೊಪ್ಪಿಕೊಳ್ಳಬೇಕೇ ಬೇಡವೇ, ತಾನೇ ಸಾಕ್ಷಿ ನುಡಿಯಬೇಕೇ ಎಂಬುದನ್ನು ವಕೀಲರು ಅವನ ಪರವಾಗಿ ತೀರ್ಮಾನಿಸುವಂತಿಲ್ಲ. ಸರ್ಕಾರದ ಪ್ರಸ್ತಾವವನ್ನು ಕಕ್ಷಿದಾರನಿಗೆ ತಿಳಿಸದೇ ಇರುವುದು, ತಪ್ಪು ಸಲಹೆ ಕೊಟ್ಟು ಅದನ್ನು ಕೈತಪ್ಪಿಸುವುದು ವಕೀಲರ ನೆರವಿನ ಹಕ್ಕು ಕೊಡುವ, ಸಂವಿಧಾನದ ಆರನೆಯ ತಿದ್ದುಪಡಿಯ ಉಲ್ಲಂಘನೆಯಾಗಬಹುದೆಂದು 2012ರಲ್ಲಿ ಒಂದೇ ದಿನ ಬಂದ ಫ್ರೈ ಮತ್ತು ಲ್ಯಾಫ್ಲರ್ ತೀರ್ಪುಗಳು ಹೇಳಿವೆ.

ವಿಚಾರಣೆ ನಡೆದಾಗ ಅದು ನೀವು ಊಹಿಸಿದಷ್ಟೇ ರೋಚಕ: 12 ಮಂದಿ ಜ್ಯೂರಿಗಳು ಒಮ್ಮತಕ್ಕೆ ಬರಬೇಕು, ಒಬ್ಬರು ಒಪ್ಪದಿದ್ದರೂ ತೀರ್ಮಾನವಿಲ್ಲ. ಆದರೆ ವಾಕ್ಚಾತುರ್ಯವೊಂದನ್ನೇ ನಂಬಿ ಈ ಕ್ಷೇತ್ರಕ್ಕೆ ಬಂದವರು ನಿರಾಶರಾಗುತ್ತಾರೆ.

ಪ್ರಶ್ನೆ: ಶಿಕ್ಷೆಯ ಪ್ರಮಾಣವನ್ನು ಕೋಷ್ಟಕ ನೋಡಿ ನಿರ್ಧರಿಸುತ್ತಾರಂತೆ, ನಿಜವೇ? — ತುಮಕೂರು

ಅರ್ಧ ನಿಜ. 1987ರ ನವೆಂಬರ್ 1ರಂದು ಜಾರಿಗೆ ಬಂದ ಶಿಕ್ಷಾ ಮಾರ್ಗಸೂಚಿಯಲ್ಲಿ ಅಪರಾಧದ ತೀವ್ರತೆಗೆ 43 ಹಂತಗಳೂ ಹಿಂದಿನ ಅಪರಾಧಗಳಿಗೆ ಆರು ವರ್ಗಗಳೂ ಇವೆ. ಎರಡೂ ಸೇರುವ ಮನೆಯಲ್ಲಿ ತಿಂಗಳುಗಳ ವ್ಯಾಪ್ತಿ ನಮೂದಾಗಿರುತ್ತದೆ. ಅದು ಕಡ್ಡಾಯವಾಗಿತ್ತು. 2005ರ ಬುಕರ್ ತೀರ್ಪಿನ ನಂತರ ಸಲಹೆಯಷ್ಟೇ ಆಯಿತು. ನ್ಯಾಯಾಧೀಶರು ಮೊದಲು ಆ ಲೆಕ್ಕ ಮಾಡಲೇಬೇಕು. ಆಮೇಲೆ ಅಪರಾಧದ ಸ್ವರೂಪ, ವ್ಯಕ್ತಿಯ ಜೀವನ ಎಲ್ಲವನ್ನೂ ನೋಡಿ, ಅಗತ್ಯಕ್ಕೆ ಸಾಕಾಗುವಷ್ಟು, ಅದನ್ನು ಮೀರದಷ್ಟು ಶಿಕ್ಷೆ ಕೊಡಬೇಕು.

ಭಾರತೀಯರಿಗೆ ಪರಿಚಿತವಾದ ಪ್ರಕರಣವೊಂದರಿಂದ ಇದು ತಿಳಿಯುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್ ನಿರ್ದೇಶಕರಾಗಿದ್ದ ರಜತ್ ಗುಪ್ತಾ, ಆಡಳಿತ ಮಂಡಳಿಯ ಗುಟ್ಟನ್ನು ಹೂಡಿಕೆ ನಿಧಿಯೊಂದನ್ನು ನಡೆಸುತ್ತಿದ್ದ ರಾಜ್ ರಾಜರತ್ನಂಗೆ ತಿಳಿಸಿದರೆಂಬ ಆರೋಪದ ಮೇಲೆ 2012ರಲ್ಲಿ ಮ್ಯಾನ್‌ಹಟನ್‌ನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ ಎದುರಿಸಿದರು. ಆರು ಆರೋಪಗಳಲ್ಲಿ ಎರಡರಿಂದ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು, ನಾಲ್ಕರಲ್ಲಿ ತಪ್ಪಿತಸ್ಥರೆಂದಿತು. ಮಾರ್ಗಸೂಚಿಯ ಲೆಕ್ಕ ನ್ಯಾಯಾಧೀಶ ಜೆಡ್ ರೇಕಾಫ್ ಪ್ರಕಾರ 78ರಿಂದ 97 ತಿಂಗಳು. ಬಿಲ್ ಗೇಟ್ಸ್, ಕೋಫಿ ಅನ್ನಾನ್ ಸೇರಿದಂತೆ ನೂರಾರು ಮಂದಿ ಬರೆದ ಪತ್ರಗಳನ್ನು ವಕೀಲರು ಮುಂದಿಟ್ಟರು. ಜೈಲಿನ ಬದಲು ರುವಾಂಡದಲ್ಲಿ ಸೇವೆ ಸಲ್ಲಿಸುವ ಪ್ರಸ್ತಾವವನ್ನೂ ಇಟ್ಟರು. ಆ ಪ್ರಸ್ತಾವವನ್ನು ಒಪ್ಪದ ನ್ಯಾಯಾಧೀಶರು ಕೊಟ್ಟದ್ದು 24 ತಿಂಗಳ ಜೈಲು ಮತ್ತು 50 ಲಕ್ಷ ಡಾಲರ್ ದಂಡ. ಹಿಂದಿನ ವರ್ಷ ರಾಜರತ್ನಂಗೆ ಆಗಿದ್ದು 11 ವರ್ಷ.

ಗೇಟ್ಸ್ ಪತ್ರ ಎಲ್ಲರಿಗೂ ಸಿಗುವುದಿಲ್ಲ. ವಿಧಾನ ಮಾತ್ರ ಎಲ್ಲರಿಗೂ ಒಂದೇ. ಶಿಕ್ಷೆಗೆ ಮುನ್ನ ಪ್ರೊಬೇಷನ್ ಅಧಿಕಾರಿ ಆರೋಪಿಯ ಬಾಲ್ಯ, ಆರೋಗ್ಯ, ಆಸ್ತಿ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಅದು ಕೈಸೇರಿದ 14 ದಿನಗಳಲ್ಲಿ ವಕೀಲರು ಆಕ್ಷೇಪಣೆ ಸಲ್ಲಿಸಬೇಕು. ವಂಚನೆಯ ಪ್ರಕರಣದಲ್ಲಿ ನಷ್ಟದ ಮೊತ್ತದ ಕುರಿತ ಒಂದು ಆಕ್ಷೇಪಣೆಯಿಂದಲೇ ವರ್ಷಗಳು ಇಳಿಯಬಹುದು. ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್, ಅಂದರೆ ಅವಧಿಗೆ ಮುನ್ನ ಷರತ್ತಿನ ಮೇಲೆ ಬಿಡುಗಡೆ, ರದ್ದಾಗಿದೆ. ಸನ್ನಡತೆಗೆ ವರ್ಷಕ್ಕೆ ಗರಿಷ್ಠ 54 ದಿನಗಳ ಕಡಿತ ಸಿಗುತ್ತದೆ, 2018ರ ಕಾಯ್ದೆಯಡಿ ಕೆಲವರಿಗೆ ಇನ್ನಷ್ಟು ರಿಯಾಯಿತಿಯೂ ಉಂಟು. ಹೀಗಿರುವಾಗ ಆ ದಿನ ಘೋಷಣೆಯಾದ ತಿಂಗಳುಗಳಲ್ಲಿ ಬಹುಪಾಲನ್ನು ಕಳೆಯಲೇಬೇಕು. ತೀರ್ಪು ಮತ್ತು ಶಿಕ್ಷೆ ಎಷ್ಟೋ ಸಲ ಒಂದೇ ದಿನ ಬಂದುಬಿಡುವ ನಮ್ಮ ಸೆಷನ್ಸ್ ನ್ಯಾಯಾಲಯಗಳು ಈ ಸಿದ್ಧತೆಯಿಂದ ಕಲಿಯುವುದಿದೆ.

ಪ್ರಶ್ನೆ: ವಕೀಲರ ಶುಲ್ಕ ಕೊಡಲಾಗದವರ ಗತಿಯೇನು? ಇಂಗ್ಲಿಷ್ ಬಾರದ ಕನ್ನಡಿಗರಾಗಿದ್ದರೆ? — ಕಲಬುರಗಿ

ಫೆಡರಲ್ ಮೊಕದ್ದಮೆಗಳಲ್ಲಿ ಬಡ ಆರೋಪಿಗೂ ವಕೀಲರಿರಬೇಕೆಂದು ಸುಪ್ರೀಂ ಕೋರ್ಟ್ 1938ರಲ್ಲಿಯೇ ಹೇಳಿತ್ತು. ರಾಜ್ಯಗಳಿಗೆ ಅದು ವಿಸ್ತರಿಸಿದ್ದು 1963ರ ಗಿಡಿಯನ್ ತೀರ್ಪಿನಿಂದ. 1964ರ ಕ್ರಿಮಿನಲ್ ನ್ಯಾಯ ಕಾಯ್ದೆಯಡಿ ವೇತನ ಪಡೆಯುವ ಫೆಡರಲ್ ಡಿಫೆಂಡರ್‌ಗಳೂ ಗಂಟೆಗಿಷ್ಟು ಎಂದು ಪಡೆಯುವ ಖಾಸಗಿ ವಕೀಲರ ಪಟ್ಟಿಯೂ ಇವೆ. ‘ಸರ್ಕಾರಿ ವಕೀಲ’ ಎಂದು ಇವರನ್ನು ಕಡೆಗಣಿಸಬೇಡಿ; ಅದೇ ನ್ಯಾಯಾಲಯದಲ್ಲಿ ದಿನವೂ ಇರುವ ಇವರಿಗೆ ಮಾರ್ಗಸೂಚಿಯ ಒಳಸುಳಿಗಳು ಅನೇಕ ದುಬಾರಿ ವಕೀಲರಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ತೊಂದರೆ ಇರುವುದು ಹಣದಲ್ಲಿ. 2025ರ ಜುಲೈ ಆರಂಭದಲ್ಲಿ ಪಟ್ಟಿಯ ವಕೀಲರಿಗೆ ಕೊಡಬೇಕಾದ ನಿಧಿಯೇ ಮುಗಿದು, ಆರ್ಥಿಕ ವರ್ಷ ಕೊನೆಯಾಗುವವರೆಗೆ ಅವರು ಸಂಭಾವನೆಯಿಲ್ಲದೆ ದುಡಿಯಬೇಕಾಯಿತು.

ಇಂಗ್ಲಿಷ್ ತಿಳಿಯದವರಿಗೆ 1978ರ ಕಾಯ್ದೆಯಂತೆ ನ್ಯಾಯಾಲಯವೇ ದುಭಾಷಿಯನ್ನು ಒದಗಿಸುತ್ತದೆ. ಕನ್ನಡಕ್ಕೆ ಫೆಡರಲ್ ಪ್ರಮಾಣಪತ್ರ ಪರೀಕ್ಷೆಯಿಲ್ಲದ ಕಾರಣ, ಅರ್ಹರೆಂದು ನ್ಯಾಯಾಲಯಕ್ಕೆ ಮನವರಿಕೆಯಾದವರನ್ನು ನೇಮಿಸುತ್ತಾರೆ. ಮುಜುಗರದಿಂದ ‘ಇಂಗ್ಲಿಷ್ ಬರುತ್ತದೆ’ ಎಂದು ಹೇಳಿಬಿಡಬಾರದು. ಅಂಗಡಿಯಲ್ಲಿ ವ್ಯವಹರಿಸುವಷ್ಟು ಇಂಗ್ಲಿಷ್ ತಪ್ಪೊಪ್ಪಿಗೆಯ ಒಪ್ಪಂದವನ್ನು ಅರ್ಥಮಾಡಿಕೊಳ್ಳಲು ಸಾಲದು. ಮನೆಯವರನ್ನೇ ದುಭಾಷಿಯಾಗಿ ವಕೀಲರ ಕೊಠಡಿಗೆ ಕರೆದೊಯ್ಯುವುದೂ ಸರಿಯಲ್ಲ. ಅವರನ್ನು ಸಾಕ್ಷಿಯಾಗಿ ಕರೆಯುವ ಪ್ರಸಂಗ ಬರಬಹುದು.

ಪ್ರಶ್ನೆ: ಅಪರಾಧ ಮಾಡಿದ್ದಾನೆಂದು ಗೊತ್ತಿದ್ದೂ ವಕೀಲರು ಹೇಗೆ ವಾದಿಸುತ್ತಾರೆ? — ಕುಂದಾಪುರ

ವಕೀಲರು ವಾದಿಸುವುದು ‘ಈತ ಮಾಡಿಲ್ಲ’ ಎಂದಲ್ಲ, ‘ಸರ್ಕಾರ ಸಂಶಯಾತೀತವಾಗಿ ಸಾಬೀತುಪಡಿಸಿಲ್ಲ’ ಎಂದು. ಸುಳ್ಳು ಸಾಕ್ಷ್ಯ ಹೇಳಿಸಲು ಅವರಿಗೆ ಅವಕಾಶವಿಲ್ಲ. ಸುಳ್ಳು ಹೇಳುತ್ತೇನೆಂದ ಕಕ್ಷಿದಾರನಿಗೆ ಸಹಕರಿಸಲು ನಿರಾಕರಿಸಿದ ವಕೀಲರು ಸರಿಯೆಂದು 1986ರ ವೈಟ್‌ಸೈಡ್ ತೀರ್ಪು ಹೇಳುತ್ತದೆ. 1770ರಲ್ಲಿ ಬಾಸ್ಟನ್ ಜನರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸೈನಿಕರ ಪರ ವಾದಿಸಿದವರು ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು. ಆರೋಪಿಗಳ ಪರ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧುವೆಂದು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸಾರಿದ ನಮ್ಮ ಸುಪ್ರೀಂ ಕೋರ್ಟ್, ಇಂಥ ಇತಿಹಾಸವನ್ನೂ ನೆನೆದಿದೆ. ಹಾಗಿದ್ದೂ 2020ರಲ್ಲಿ ಹುಬ್ಬಳ್ಳಿಯಲ್ಲಿ ಅಂಥದೇ ನಿರ್ಣಯ ಬಂದು, ಕರ್ನಾಟಕ ಹೈಕೋರ್ಟ್ ಮಧ್ಯೆ ಪ್ರವೇಶಿಸಬೇಕಾಯಿತು.

ಪ್ರಶ್ನೆ: ನಾನು ಗ್ರೀನ್ ಕಾರ್ಡ್ ಹೊಂದಿದ್ದೇನೆ. ಸಣ್ಣ ಶಿಕ್ಷೆಯಾಗುವುದಾದರೆ ತಪ್ಪೊಪ್ಪಿಕೊಂಡು ಮುಗಿಸಿಬಿಡುವುದು ಜಾಣತನವಲ್ಲವೇ? — ಡಲ್ಲಾಸ್‌ನ ಕನ್ನಡಿಗರೊಬ್ಬರು

ಜೈಲಿನ ಅವಧಿ ಸಣ್ಣದಿರಬಹುದು, ಗಡೀಪಾರು ಸಣ್ಣದಲ್ಲ. ಹೋಸೆ ಪಡೀಯ ಎಂಬಾತ 40 ವರ್ಷಗಳಿಂದ ಅಮೆರಿಕದ ಕಾಯಂ ನಿವಾಸಿ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದವನು. ಗಾಂಜಾ ಸಾಗಣೆಯ ಆರೋಪ ಬಂದಾಗ, ಇಷ್ಟು ವರ್ಷ ಇಲ್ಲಿದ್ದವನಿಗೆ ಗಡೀಪಾರಿನ ಚಿಂತೆ ಬೇಡ ಎಂದು ಆತನ ವಕೀಲರು ಹೇಳಿದರು. ಆ ಮಾತು ನಂಬಿ ಆತ ತಪ್ಪೊಪ್ಪಿಕೊಂಡ. ಕಾನೂನಿನಂತೆ ಗಡೀಪಾರು ಬಹುತೇಕ ಖಚಿತವಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್, ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಸಾಂವಿಧಾನಿಕ ಕರ್ತವ್ಯವೆಂದು ತೀರ್ಮಾನಿಸಿತು. ಅಂದಿನಿಂದ ಈ ಕೆಲಸ ಫೆಡರಲ್ ವಕೀಲರ ಮೇಜಿಗೆ ಕಾಯಂ ಆಗಿ ಬಂದು ಕುಳಿತಿದೆ.

ವಂಚನೆಯ ಪ್ರಕರಣಗಳಲ್ಲಿ ಗಮನಿಸಬೇಕಾದ ಗೆರೆ 10,000 ಡಾಲರ್. ಸಂತ್ರಸ್ತರಿಗಾದ ನಷ್ಟ ಅದನ್ನು ಮೀರಿದರೆ ವಲಸೆ ಕಾನೂನು ಅದನ್ನು ತೀವ್ರ ಸ್ವರೂಪದ ಅಪರಾಧವೆಂದು ಗಣಿಸುತ್ತದೆ. ಶಿಕ್ಷೆ ಎಷ್ಟೇ ಕಡಿಮೆಯಿರಲಿ, ಗ್ರೀನ್ ಕಾರ್ಡ್ ಉಳಿಸಿಕೊಳ್ಳುವ ಹೆಚ್ಚಿನ ದಾರಿಗಳು ಮುಚ್ಚಿಹೋಗುತ್ತವೆ. 1985ರಲ್ಲಿ ಭಾರತದಿಂದ ವಲಸೆ ಹೋದವರೊಬ್ಬರ ನಿಜಾವನ್ ಪ್ರಕರಣದಲ್ಲಿ, ನಷ್ಟದ ಮೊತ್ತವನ್ನು ಜ್ಯೂರಿ ತೀರ್ಮಾನಿಸಿರಲಿಲ್ಲ. ಶಿಕ್ಷೆಯ ಹಂತದಲ್ಲಿ ಅವರೇ ಒಪ್ಪಿ ಸಹಿ ಹಾಕಿದ ಕಾಗದದಲ್ಲಿ ಅದು ಹತ್ತು ಕೋಟಿ ಡಾಲರ್ ಮೀರಿದೆ ಎಂದಿತ್ತು. ವಲಸೆ ಅಧಿಕಾರಿಗಳು ಆ ಕಾಗದವನ್ನು ನೋಡಬಹುದೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ನಿಮ್ಮ ಒಪ್ಪಂದದಲ್ಲಿ ಯಾವ ಕಲಮು, ಯಾವ ಮೊತ್ತ, ಯಾವ ವಿವರಣೆ ಬರುತ್ತದೆ ಎಂಬ ಒಂದೊಂದು ಸಾಲೂ ಜೈಲಿನ ತಿಂಗಳುಗಳಷ್ಟೇ ಮುಖ್ಯ. ಕರಡು ಸಿದ್ಧವಾದ ಕೂಡಲೇ, ಸಹಿ ಹಾಕುವ ಮುಂಚೆ, ನಿಮ್ಮ ಕ್ರಿಮಿನಲ್ ವಕೀಲರು ಅದನ್ನು ಅಪರಾಧ ಸಂಬಂಧಿ ಗಡೀಪಾರು ಪ್ರಕರಣಗಳನ್ನೇ ನಡೆಸುವ ವಲಸೆ ವಕೀಲರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯುವಂತೆ ಕೇಳಿಕೊಳ್ಳಿ.